ಮದ್ದೂರಿನ ಕಲ್ಲು ಬಂದ ದಾರಿ

ಮದ್ದೂರು ಎಂದ ಕೂಡಲೇ ನಮಗೆ ನೆನಪಾಗುವುದು ವಡೆ. ಉಲ್ಕಾಶಿಲೆಗಳನ್ನು ಅಭ್ಯಾಸ ಮಾಡುವವರಿಗೆ ಆ ಊರಿನ ಗುರುತೇ ಬೇರೆ. 1865ರ ಸೆಪ್ಟೆಂಬರಿನಲ್ಲಿ ಅಲ್ಲಿ ಆಕಾಶದಿಂದ ಕಲ್ಲು ಬಿತ್ತು. ದಾಖಲೆಯಲ್ಲಿರುವ ತೂಕ ಸುಮಾರು 4.4 ಕಿಲೋ. ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಅದು ಅಂದಿನ ಇಂಗ್ಲಿಷರ ಕಾಗುಣಿತದಂತೆ 'ಮುದ್ದೂರ್' ಎಂದೇ ಇವತ್ತಿಗೂ ಉಳಿದಿದೆ. ಚನ್ನಪಟ್ಟಣದಿಂದ ಮೈಸೂರಿನ ಕಡೆ ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ. ಅಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಮಗ್ಗುಲಿಗೇ ಬಿದ್ದ ಕಲ್ಲು ಅದು.

ಬೀಳುವ ಹಿಂದಿನ ದಿನ ಅದು ಏನಾಗಿತ್ತು? ಒಂದು ಪುಟ್ಟ ಕ್ಷುದ್ರಗ್ರಹ. ಸೂರ್ಯನ ಸುತ್ತ ತನ್ನದೇ ಕಕ್ಷೆಯಲ್ಲಿ, ನಮ್ಮ ಭೂಮಿಯಷ್ಟೇ ಸ್ವತಂತ್ರವಾಗಿ ಸುತ್ತುತ್ತಿದ್ದ ಕಾಯ. ಆ ಕಕ್ಷೆಯೂ ಭೂಮಿಯ ಕಕ್ಷೆಯೂ ಒಂದು ಜಾಗದಲ್ಲಿ ಕೂಡುತ್ತಿದ್ದವು. ಅದು ಆ ಜಾಗಕ್ಕೆ ಬಂದ ಗಳಿಗೆಯಲ್ಲೇ ಭೂಮಿಯೂ ಅಲ್ಲಿತ್ತು, ಅದರ ಮೇಲೆ ಮದ್ದೂರೂ ಇತ್ತು. ಇಷ್ಟನ್ನು ಯಾವ ಲೆಕ್ಕವನ್ನೂ ಮಾಡದೆ ಹೇಳಬಹುದು. ಆದರೆ ಆ ಕಕ್ಷೆ ಯಾವುದು, ಎಷ್ಟು ಉದ್ದ, ಎಷ್ಟು ವಾಲಿತ್ತು, ಎಷ್ಟು ವರ್ಷಕ್ಕೊಂದು ಸುತ್ತು ಎಂದು ಕೇಳಿದರೆ ಕಲ್ಲು ಉತ್ತರ ಕೊಡುವುದಿಲ್ಲ. ಕಲ್ಲಿನೊಳಗೆ ಅದರ ವಯಸ್ಸಿದೆ, ಅದು ತಿಂದ ಏಟುಗಳ ಗುರುತಿದೆ, ಬೆಂದ ಹದವಿದೆ. ಬಂದ ದಾರಿ ಮಾತ್ರ ಗಾಳಿಯಲ್ಲಿ ಉರಿದ ಆ ಕೆಲವು ಸೆಕೆಂಡುಗಳಲ್ಲೇ ಅಳಿಸಿಹೋಯಿತು.

ಆ ದಾರಿಯನ್ನು ಕಲ್ಲಿನ ನೆಂಟರ, ಅಂದರೆ ಅದರದೇ ಬಗೆಯ ಕಲ್ಲುಗಳ ಮೂಲಕ ಹುಡುಕುವುದು ಈ ಅಧ್ಯಾಯದ ಕೆಲಸ.

ಮೊದಲು ಕಾಲ ನೋಡೋಣ. 1865ರಲ್ಲಿ ದಕ್ಷಿಣ ಭಾರತದಲ್ಲಿ ಕ್ಷುದ್ರಗ್ರಹಗಳ ಬೇಟೆ ಜೋರಾಗಿಯೇ ನಡೆದಿತ್ತು. ಮದರಾಸಿನ ವೀಕ್ಷಣಾಲಯದಲ್ಲಿ ನಾರ್ಮನ್ ಪಾಗ್ಸನ್ ಎಂಬ ಖಗೋಳಜ್ಞ 1861ರಲ್ಲಿ ಒಂದು ಕ್ಷುದ್ರಗ್ರಹ ಕಂಡುಹಿಡಿದು ಅದಕ್ಕೆ 'ಏಷ್ಯಾ' ಎಂದು ಹೆಸರಿಟ್ಟ. ಏಷ್ಯಾ ಖಂಡದಿಂದ ಪತ್ತೆಯಾದ ಮೊದಲ ಕ್ಷುದ್ರಗ್ರಹ ಅದು. 1864ರಲ್ಲಿ 'ಸ್ಯಾಫೋ', 1866ರಲ್ಲಿ 'ಸಿಲ್ವಿಯಾ'. ಮದ್ದೂರಿನ ಕಲ್ಲು ಬಿದ್ದದ್ದು ಇವೆರಡರ ನಡುವೆ. ಸಿಲ್ವಿಯಾ ಪಟ್ಟಿಯಲ್ಲಿ 87ನೆಯದು. ಅಂದರೆ ಇಡೀ ಜಗತ್ತಿಗೆ ಗೊತ್ತಿದ್ದ ಕ್ಷುದ್ರಗ್ರಹಗಳು ನೂರೂ ಇರಲಿಲ್ಲ, ಎಲ್ಲವೂ ಮಂಗಳ ಮತ್ತು ಗುರು ಗ್ರಹಗಳ ನಡುವಿನ ಪಟ್ಟಿಯಲ್ಲೇ ಇದ್ದವು. ಭೂಮಿಯ ಹತ್ತಿರ ಬರುವ ಕ್ಷುದ್ರಗ್ರಹವೊಂದು ಮೊದಲ ಬಾರಿಗೆ ಪತ್ತೆಯಾದದ್ದು 1898ರಲ್ಲಿ, ಬರ್ಲಿನ್‌ನಲ್ಲಿ, ಅದೇ 'ಈರೋಸ್'. ಹೀಗಾಗಿ ಮದ್ದೂರಿನ ಕಲ್ಲನ್ನು ಎತ್ತಿಕೊಂಡವರಿಗೆ ತಮ್ಮ ಕೈಯಲ್ಲಿರುವುದು ಪಾಗ್ಸನ್ ಹುಡುಕುತ್ತಿದ್ದ ಕಾಯಗಳದೇ ಚೂರು ಎಂದು ಖಚಿತವಾಗಿ ಹೇಳಬಲ್ಲವರು ಯಾರೂ ಇರಲಿಲ್ಲ. ಪಾಗ್ಸನ್ 1885ರಲ್ಲಿ 'ವೀರಾ'ವನ್ನು ಕಂಡ ಮೇಲೆ ಭಾರತದಿಂದ ಹೊಸ ಕ್ಷುದ್ರಗ್ರಹ ಸಿಗಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 1988ರ ಫೆಬ್ರವರಿಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಆರ್. ರಾಜಮೋಹನ್ ಕಾವಲೂರಿನ ಷ್ಮಿಟ್ ದೂರದರ್ಶಕದಿಂದ ಒಂದನ್ನು ಹಿಡಿದರು. ಅದಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರಿದೆ.

ಈರೋಸ್‌ನಂಥ ಕಾಯಗಳಿಗೆ ಹೇಳುವ 'ಭೂಸಮೀಪ' ಎಂಬ ಮಾತು ಕೇಳಿ ಗಾಬರಿಯಾಗಬೇಕಿಲ್ಲ. ಸೂರ್ಯನಿಂದ ಭೂಮಿಗೆ ಸುಮಾರು 15 ಕೋಟಿ ಕಿಲೋಮೀಟರು. ಅದನ್ನು ಒಂದು ಖಗೋಳ ಮಾನ ಎನ್ನುತ್ತಾರೆ. ಯಾವ ಕ್ಷುದ್ರಗ್ರಹ ತನ್ನ ಕಕ್ಷೆಯಲ್ಲಿ ಸೂರ್ಯನಿಗೆ 1.3 ಖಗೋಳ ಮಾನಕ್ಕಿಂತ ಹತ್ತಿರ ಬರುತ್ತದೋ ಅದು ಭೂಸಮೀಪ ಕ್ಷುದ್ರಗ್ರಹ. ಭೂಮಿಗೆ ಅದು ಎಂದೂ ಹತ್ತಿರ ಬರದೆಯೂ ಇರಬಹುದು. ಇಂಥವು ಈಗ ಸುಮಾರು 40 ಸಾವಿರ ಗೊತ್ತಿವೆ. ಚಿಕ್ಕವು ಇನ್ನೂ ಎಷ್ಟೋ ಪಾಲು ಹೆಚ್ಚು. ಒಂದು ಮೀಟರ್ ಗಾತ್ರದವು ವರ್ಷಕ್ಕೆ ಹತ್ತಾರು ನಮ್ಮ ವಾಯುಮಂಡಲಕ್ಕೆ ಬೀಳುತ್ತವೆ. ಹೆಚ್ಚಿನವು ಸಮುದ್ರದ ಮೇಲೆ, ಯಾರ ಕಣ್ಣಿಗೂ ಬೀಳದಂತೆ.

ಈಗ ಕಲ್ಲಿನ ಮಾತು. ಮದ್ದೂರಿನ ಉಲ್ಕಾಶಿಲೆಯ ಜಾತಿ 'ಎಲ್5'. 'ಸಾಧಾರಣ ಕಾಂಡ್ರೈಟ್' ಎಂಬ ಬಗೆಯ ಉಲ್ಕಾಶಿಲೆಗಳಲ್ಲಿ ಕಬ್ಬಿಣದ ಅಂಶ ಕಡಿಮೆ ಇರುವವಕ್ಕೆ ಎಲ್ ಎನ್ನುತ್ತಾರೆ. ಐದು ಎಂಬುದು ಬೆಂದ ಹದದ ಅಂಕಿ. ಮೂರರ ಕಲ್ಲು ಹೆಚ್ಚು ಬೆಂದಿಲ್ಲ, ಆರರದು ಚೆನ್ನಾಗಿ ಬೆಂದದ್ದು. ಒಂದು ಕಲ್ಲು ಐದರ ಹದಕ್ಕೆ ಬೇಯಬೇಕಾದರೆ ಅದು ದೊಡ್ಡದೊಂದು ಕಾಯದ ಒಳಗೆ, ಮೇಲೆ ಹತ್ತಾರು ಕಿಲೋಮೀಟರ್ ಕಲ್ಲನ್ನು ಹೊದ್ದು, ಲಕ್ಷಾಂತರ ವರ್ಷ ಬಿಸಿಯಲ್ಲಿ ಕೂತಿರಬೇಕು. ಅಂದರೆ 4.4 ಕಿಲೋ ತೂಗುವ ಈ ಕಲ್ಲು ಮೂಲದಲ್ಲಿ ನೂರಾರು ಕಿಲೋಮೀಟರ್ ಅಗಲದ ಕ್ಷುದ್ರಗ್ರಹವೊಂದರ ಹೊಟ್ಟೆಯೊಳಗಿತ್ತು. ಅದು ಹುಟ್ಟಿದ್ದು ಸೌರಮಂಡಲದ ಜೊತೆಗೇ, ಸುಮಾರು 456 ಕೋಟಿ ವರ್ಷಗಳ ಹಿಂದೆ.

ರಾಮನಗರದ ಸುತ್ತಲಿನವರಿಗೆ ಹಳೆಯ ಕಲ್ಲಿನ ವಿಷಯದಲ್ಲಿ ಸ್ವಲ್ಪ ಜಂಬ ಇರುವುದು ಸಹಜವೇ. ರಾಮದೇವರ ಬೆಟ್ಟ, ಮಾಗಡಿಯ ಸಾವನದುರ್ಗ, ಕನಕಪುರದ ಕಡೆಯ ಬಂಡೆಗಳು, ಇವೆಲ್ಲ ಒಂದೇ ಗ್ರಾನೈಟ್ ಪಟ್ಟಿಯ ತುಂಡುಗಳು. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಭೂವಿಜ್ಞಾನದಲ್ಲಿ ಅದಕ್ಕೆ 'ಕ್ಲೋಸ್‌ಪೇಟ್ ಗ್ರಾನೈಟ್' ಎಂಬ ಹೆಸರು. ವಯಸ್ಸು ಸುಮಾರು 250 ಕೋಟಿ ವರ್ಷ. ಇಲ್ಲಿ ಚಿತ್ರೀಕರಿಸಿದ 'ಶೋಲೆ'ಯ ಗಬ್ಬರ್‌ಸಿಂಗ್ ಕೂತ ಬಂಡೆ ಆ ಸಿನಿಮಾ ಬರುವ ಹೊತ್ತಿಗೆ 250 ಕೋಟಿ ವರ್ಷದ ಹಳಬ. ಆದರೆ ಆ ಬಂಡೆ ಭೂಮಿಯ ಆಳದಲ್ಲಿ ದ್ರವವಾಗಿದ್ದು ಮೆಲ್ಲಗೆ ತಣಿದು ಕಲ್ಲಾದ ಕಾಲಕ್ಕೆ ಮದ್ದೂರಿನ ಕಲ್ಲಿಗೆ ಆಗಲೇ 200 ಕೋಟಿ ವರ್ಷ ದಾಟಿತ್ತು.

ಮುಂದೆ ಅದಕ್ಕೊಂದು ದೊಡ್ಡ ಏಟು ಬಿತ್ತು. ಎಲ್ ಜಾತಿಯ ಉಲ್ಕಾಶಿಲೆಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಬಹಳಷ್ಟರಲ್ಲಿ ಒಂದೇ ಕಾಲದ ಘಾತದ ಗುರುತು ಸಿಗುತ್ತದೆ: ಸುಮಾರು 47 ಕೋಟಿ ವರ್ಷಗಳ ಹಿಂದಿನದು. ಮೂಲ ಕಾಯಕ್ಕೆ ಇನ್ನೊಂದು ಕಾಯ ಬಡಿದು ಅದು ಒಡೆದುಹೋಯಿತು. ಇದಕ್ಕೆ ಸಾಕ್ಷಿ ಸಿಕ್ಕಿದ್ದು ಆಕಾಶದಲ್ಲಲ್ಲ, ಒಂದು ಕಲ್ಲುಕ್ವಾರಿಯಲ್ಲಿ. ಸ್ವೀಡನ್ನಿನ ಕಿನ್ನೆಕುಲ್ಲೆ ಎಂಬಲ್ಲಿ ನೆಲಕ್ಕೆ ಹಾಸಲು ಕೆಂಪು ಸುಣ್ಣಕಲ್ಲನ್ನು ಸೀಳುವಾಗ ಅಲ್ಲಲ್ಲಿ ಬೂದುಬಣ್ಣದ ಕಲೆಗಳು ಬರುತ್ತಿದ್ದವು. ಕೆಲಸಗಾರರಿಗೆ ಅದು ಹಾಳು ಚಪ್ಪಡಿ. ಬಿರ್ಗರ್ ಷ್ಮಿಟ್ಸ್ ಎಂಬ ಭೂವಿಜ್ಞಾನಿ ಅವರ ನೆರವಿನಿಂದಲೇ ಅಂಥ ಚಪ್ಪಡಿಗಳನ್ನು ತೆಗೆದಿರಿಸಿ ನೋಡಿದರೆ ಕಲೆಗಳೆಲ್ಲ ಪ್ರಾಚೀನ ಕಡಲತಳಕ್ಕೆ ಬಿದ್ದು ಹೂತ ಉಲ್ಕಾಶಿಲೆಗಳು. ಈಗ ನೂರಕ್ಕೂ ಹೆಚ್ಚು ಸಿಕ್ಕಿವೆ, ಹೆಚ್ಚುಕಡಿಮೆ ಎಲ್ಲವೂ ಎಲ್ ಜಾತಿಯವು. ಮೂಲ ಕಾಯ ಒಡೆದ ಹೊಸತರಲ್ಲಿ ಭೂಮಿಯ ಮೇಲೆ ಅದರ ಚೂರುಗಳ ಮಳೆಯೇ ಸುರಿದಿತ್ತು. ಕನಕಪುರದ ಕ್ವಾರಿಗಳಲ್ಲಿ ಇಂಥದ್ದನ್ನು ಹುಡುಕಿ ಪ್ರಯೋಜನವಿಲ್ಲ. ಗ್ರಾನೈಟ್ ಕರಗಿದ ಕಲ್ಲಿನಿಂದ ಆದದ್ದು. ಮೇಲಿಂದ ಬಿದ್ದದ್ದನ್ನು ಪದರ ಪದರವಾಗಿ ಮುಚ್ಚಿಡುವ ಗುಣ ಅದಕ್ಕಿಲ್ಲ.

ಆ ಒಡೆದ ಕಾಯದ ಮಿಕ್ಕ ಭಾಗ ಎಲ್ಲಿದೆ? 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 'ಮಸ್ಸಾಲಿಯಾ' ಎಂಬ ಕ್ಷುದ್ರಗ್ರಹದ ಕಡೆ ಬೆರಳು ತೋರಿಸಿತು. 1852ರಲ್ಲಿ ಪತ್ತೆಯಾದ, ಸುಮಾರು 140 ಕಿಲೋಮೀಟರ್ ಅಗಲದ ಈ ಕಾಯ ಸೂರ್ಯನಿಂದ 2.4 ಖಗೋಳ ಮಾನದಲ್ಲಿದೆ. ಅದರ ಸುತ್ತಮುತ್ತ ಅದೇ ಬಣ್ಣದ, ಅದೇ ಬಗೆಯ ಕಕ್ಷೆಯ ಸಾವಿರಾರು ಚೂರುಗಳು ಒಂದು ಕುಟುಂಬದಂತೆ ಸುತ್ತುತ್ತಿವೆ. ಭೂಮಿಗೆ ಬೀಳುವ ಉಲ್ಕಾಶಿಲೆಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಎಲ್ ಜಾತಿಯವು. ಅಷ್ಟನ್ನೂ ಈ ಒಂದು ಮನೆಯೇ ಕಳಿಸುತ್ತಿದೆ ಎಂಬುದು ಆ ಅಧ್ಯಯನದ ವಾದ. ನನಗೆ ಅದು ಒಪ್ಪುವಂತಿದೆ. ಮದ್ದೂರಿನ ಕಲ್ಲೂ ಅಲ್ಲಿಂದಲೇ ಹೊರಟದ್ದಿರಬಹುದು.

ಆದರೆ ಮಸ್ಸಾಲಿಯಾ ಇರುವುದು ಭೂಮಿಯ ಕಕ್ಷೆಯಿಂದ ಸುಮಾರು 21 ಕೋಟಿ ಕಿಲೋಮೀಟರ್ ಆಚೆ. ಅಲ್ಲಿನ ಚೂರು ಇಲ್ಲಿಗೆ ಬರುವುದು ಹೇಗೆ? ಏಟು ಬಿದ್ದ ರಭಸಕ್ಕೆ ಸಿಡಿದು ಬರಲಾರದು. ಅಷ್ಟು ವೇಗ ಆ ಏಟಿಗಿಲ್ಲ. ಇದಕ್ಕೆ ಎರಡು ಶಕ್ತಿಗಳು ಬೇಕು, ಒಂದು ತೀರ ಮೆದು, ಇನ್ನೊಂದು ತೀರ ದೊಡ್ಡದು.

ಮೆದುವಾದದ್ದು ಬಿಸಿಲು. ಬೇಸಿಗೆಯಲ್ಲಿ ರಾಮದೇವರ ಬೆಟ್ಟದ ಬಂಡೆಗೆ ಸೂರ್ಯ ಮುಳುಗಿದ ಮೇಲೆ ಕೈ ಇಟ್ಟು ನೋಡಿ. ಹಗಲು ಕುಡಿದ ಶಾಖವನ್ನು ಅದು ಸಂಜೆ ಹೊರಹಾಕುತ್ತಿರುತ್ತದೆ. ತಿರುಗುತ್ತಿರುವ ಕ್ಷುದ್ರಗ್ರಹವೂ ಹೀಗೆಯೇ. ಅದರ ಸಂಜೆಯ ಮಗ್ಗುಲು ಬೆಳಗಿನ ಮಗ್ಗುಲಿಗಿಂತ ಹೆಚ್ಚು ಶಾಖ ಸೂಸುತ್ತದೆ. ಶಾಖವೂ ಬೆಳಕಿನ ಒಂದು ರೂಪ. ಹೊರಟು ಹೋಗುವಾಗ ಹಿಂದಕ್ಕೆ ನೂಕುತ್ತದೆ. ಆ ನೂಕು ಎಷ್ಟು ಸಣ್ಣದೆಂದರೆ, ಅರ್ಧ ಕಿಲೋಮೀಟರ್ ಅಗಲದ 'ಗೋಲೆವ್ಕಾ' ಎಂಬ ಕ್ಷುದ್ರಗ್ರಹವನ್ನು 12 ವರ್ಷದಲ್ಲಿ ಅದು ಸರಿಸಿದ್ದು ಕೇವಲ 15 ಕಿಲೋಮೀಟರ್. 2003ರಲ್ಲಿ ರೇಡಾರ್‌ನಿಂದ ಅಳೆದು ಇದನ್ನು ಖಚಿತಪಡಿಸಿಕೊಂಡರು. ಇಂಥದ್ದೊಂದು ಪರಿಣಾಮ ಇರಬೇಕೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಯೋಚಿಸಿದ್ದ ಇವಾನ್ ಯಾರ್ಕೋವ್ಸ್ಕಿ ಎಂಬ ಎಂಜಿನಿಯರನ ಹೆಸರೇ ಇದಕ್ಕಿದೆ. ಕಾಯ ಚಿಕ್ಕದಾದಷ್ಟೂ ನೂಕಿನ ಫಲ ಹೆಚ್ಚು. ತಿರುಗುವ ದಿಕ್ಕಿನ ಮೇಲೆ ಹೋಗುವ ದಿಕ್ಕು ನಿಂತಿದೆ. ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿಯನ್ನು ಎಡಕ್ಕೂ ತಿರುಗಿಸಬಹುದು, ಬಲಕ್ಕೂ ತಿರುಗಿಸಬಹುದಲ್ಲ, ಹಾಗೆಯೇ ಕ್ಷುದ್ರಗ್ರಹಗಳೂ ಎರಡು ಕಡೆಗೂ ತಿರುಗುತ್ತವೆ. ಸೂರ್ಯನನ್ನು ಸುತ್ತುವ ದಿಕ್ಕಿನಲ್ಲೇ ತಿರುಗುವ ಕಾಯ ನಿಧಾನವಾಗಿ ಹೊರಕ್ಕೆ ಸರಿಯುತ್ತದೆ. ಎದುರು ದಿಕ್ಕಿನಲ್ಲಿ ತಿರುಗುವುದು ಒಳಕ್ಕೆ.

ಹೊರಕ್ಕೆ ಸರಿಯುವ ಮಸ್ಸಾಲಿಯಾ ಚೂರು ಒಂದು ದಿನ 2.5 ಖಗೋಳ ಮಾನದ ಗಡಿ ಮುಟ್ಟುತ್ತದೆ. ಅಲ್ಲಿದೆ ದೊಡ್ಡ ಶಕ್ತಿ, ಗುರುಗ್ರಹ. ಆ ದೂರದಲ್ಲಿ ಸೂರ್ಯನ ಸುತ್ತ ಒಂದು ಸುತ್ತಿಗೆ 3.95 ವರ್ಷ. ಗುರುವಿನ ಒಂದು ಸುತ್ತಿಗೆ 11.86 ವರ್ಷ. ಭಾಗಿಸಿ ನೋಡಿ: ಸರಿಯಾಗಿ ಮೂರು. ಗುರು ಒಂದು ಸುತ್ತು ಮುಗಿಸುವಷ್ಟರಲ್ಲಿ ಚೂರು ಮೂರು ಸುತ್ತು ಹಾಕುತ್ತದೆ, ಹಾಗಾಗಿ ಗುರುವಿನ ಸೆಳೆತ ಮತ್ತೆ ಮತ್ತೆ ಅದೇ ತಾಳದಲ್ಲಿ ಬೀಳುತ್ತದೆ. ಈ ದೂರದಲ್ಲಿ ಕ್ಷುದ್ರಗ್ರಹಗಳೇ ಇಲ್ಲ, ಪಟ್ಟಿಯಲ್ಲಿ ಖಾಲಿ ಕಂದರವಿದೆ ಎಂದು ಅಮೆರಿಕದ ಡೇನಿಯಲ್ ಕರ್ಕ್‌ವುಡ್ ಗುರುತಿಸಿದ್ದು 1866ರಲ್ಲಿ, ಮದ್ದೂರಿನ ಕಲ್ಲು ಬಿದ್ದ ಮರುವರ್ಷ. ನೂರಕ್ಕೂ ಕಡಿಮೆ ಕಾಯಗಳನ್ನು ಇಟ್ಟುಕೊಂಡು ಅವನು ಇಷ್ಟನ್ನು ಕಂಡ ಎಂಬುದು ಇವತ್ತಿಗೂ ಬೆರಗು. ಆ ಕಂದರದಿಂದ ಕಾಯಗಳು ಎಲ್ಲಿಗೆ ಹೋದವು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1980ರ ದಶಕದಲ್ಲಿ. ಜ್ಯಾಕ್ ವಿಸ್ಡಮ್ ಎಂಬ ವಿಜ್ಞಾನಿ ಕಂಪ್ಯೂಟರಿನಲ್ಲಿ ಲಕ್ಷಾಂತರ ವರ್ಷಗಳ ಚಲನೆಯನ್ನು ಓಡಿಸಿ ನೋಡಿದಾಗ, ದುಂಡಗಿದ್ದ ಕಕ್ಷೆಗಳು ಇದ್ದಕ್ಕಿದ್ದಂತೆ ಉದ್ದುದ್ದ ಚಾಚಿಕೊಂಡು ಮಂಗಳನ ಕಕ್ಷೆಯನ್ನೂ ಭೂಮಿಯ ಕಕ್ಷೆಯನ್ನೂ ದಾಟತೊಡಗಿದವು. ಬಿಸಿಲು ಕೋಟ್ಯಂತರ ವರ್ಷ ನೂಕಿದ್ದನ್ನು ಗುರು ಹತ್ತು ಲಕ್ಷ ವರ್ಷದ ಆಸುಪಾಸಿನಲ್ಲಿ ಭೂಮಿಯ ದಾರಿಗೆ ತಂದುಬಿಡುತ್ತಾನೆ.

ಇಲ್ಲಿಯವರೆಗಿನದು ತರ್ಕ. ನಿಜವಾಗಿ ಹೀಗೆ ಬಂದ ಕಲ್ಲೊಂದನ್ನು, ಅದು ಇನ್ನೂ ಕ್ಷುದ್ರಗ್ರಹವಾಗಿದ್ದಾಗಲೇ ನೋಡಿ, ಕಕ್ಷೆ ಬರೆದಿಟ್ಟು, ಬಿದ್ದ ಮೇಲೆ ಕೈಯಲ್ಲಿ ಹಿಡಿಯಲು ಸಾಧ್ಯವೇ? ಸಾಧ್ಯವಾಗಿದೆ. ಅದೂ ಮದ್ದೂರಿನ ಕಲ್ಲಿನ ಹತ್ತಿರದ ನೆಂಟನನ್ನೇ.

2023ರ ಫೆಬ್ರವರಿ 12ರ ರಾತ್ರಿ ಹಂಗೆರಿಯ ಪಿಸ್ಕೆಶ್‌ಟೆಟೊ ಬೆಟ್ಟದ ಮೇಲಿಂದ ಕ್ರಿಸ್ತಿಯಾನ್ ಶಾರ್ನೆಟ್ಸ್ಕಿ ಎಂಬ ಖಗೋಳಜ್ಞ ಒಂದು ಮಸುಕು ಚುಕ್ಕೆ ಕಂಡ. ದೂರದರ್ಶಕ ಕಾವಲೂರಿನದೇ ಜಾತಿಯ ಷ್ಮಿಟ್, ಸ್ವಲ್ಪ ದೊಡ್ಡದು. ಚುಕ್ಕೆ ಕಂಡ ಸುಮಾರು ಏಳು ಗಂಟೆಯಲ್ಲಿ ಅದು ಫ್ರಾನ್ಸಿನ ನಾರ್ಮಂಡಿ ಕರಾವಳಿಯ ಮೇಲೆ ಉರಿದು ಒಡೆಯಿತು. ಹೆಸರು '2023 ಸಿಎಕ್ಸ್1'. ಅಗಲ ಒಂದು ಮೀಟರಿಗೂ ಕಡಿಮೆ, ತೂಕ ಸುಮಾರು 650 ಕಿಲೋ. ಎಲ್ಲಿ ಬೀಳುತ್ತದೆಂಬ ಲೆಕ್ಕ ಮೊದಲೇ ಸಿದ್ಧವಾಗಿತ್ತು, ಜನ ಕ್ಯಾಮೆರಾ ಹಿಡಿದು ಕಾದಿದ್ದರು. ಎರಡೇ ದಿನದಲ್ಲಿ ಸೇಂಟ್ ಪಿಯೆರ್ ಲ ವಿಜೆ ಎಂಬ ಹಳ್ಳಿಯ ಹೊಲದಲ್ಲಿ ಮೊದಲ ತುಂಡು ಸಿಕ್ಕಿತು. ಪ್ರಯೋಗಾಲಯ ಹೇಳಿದ ಜಾತಿ: ಎಲ್5 ಮತ್ತು 6ರ ನಡುವಿನದು.

ಅದರ ಕಕ್ಷೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಮದ್ದೂರಿನ ಕಲ್ಲಿನ ಕಕ್ಷೆಯನ್ನು ಊಹಿಸಲು ನಮಗಿರುವ ಒಳ್ಳೆಯ ಮಾದರಿ ಇದೇ. ಅದು ಭೂಮಿಯ ಗಾಳಿಗೆ ನುಗ್ಗಿದ ವೇಗ ಸೆಕೆಂಡಿಗೆ 14 ಕಿಲೋಮೀಟರ್. ಇದರಲ್ಲಿ ಭೂಮಿಯೇ ಎಳೆದು ಕೊಟ್ಟ ಪಾಲು ದೊಡ್ಡದು. ಭೂಮಿಯ ಗುರುತ್ವದ ಲೆಕ್ಕವನ್ನು ಕಳೆದರೆ, ದೂರದಲ್ಲಿದ್ದಾಗ ಅದು ನಮ್ಮತ್ತ ಬರುತ್ತಿದ್ದ ವೇಗ ಎಂಟೂವರೆ ಕಿಲೋಮೀಟರಿಗೂ ಸ್ವಲ್ಪ ಕಡಿಮೆ. ಭೂಮಿ ಸೂರ್ಯನ ಸುತ್ತ ಓಡುವ ವೇಗವೇ ಸೆಕೆಂಡಿಗೆ 30 ಕಿಲೋಮೀಟರ್ ಎಂಬುದನ್ನು ನೆನೆದರೆ ಇದು ಸಾವಕಾಶದ ಭೇಟಿ. ಭೂಮಿಯೂ ಅದೂ ಸುಮಾರಾಗಿ ಒಂದೇ ಕಡೆಗೆ ಓಡುತ್ತಿದ್ದವು. ಕಕ್ಷೆಯ ಒಳತುದಿ ಭೂಮಿಯ ಕಕ್ಷೆಗಿಂತ ತುಸು ಒಳಗೆ, ಸುಮಾರು 0.92 ಖಗೋಳ ಮಾನದಲ್ಲಿ. ಹೊರತುದಿ ಸುಮಾರು 2.3ರಲ್ಲಿ, ಕ್ಷುದ್ರಗ್ರಹ ಪಟ್ಟಿಯ ಒಳ ಅಂಚಿಗೆ ಸೇರುವಷ್ಟು ದೂರ. ಒಂದು ಸುತ್ತಿಗೆ ಎರಡು ವರ್ಷಕ್ಕೆ ಸ್ವಲ್ಪ ಹೆಚ್ಚು. ಭೂಮಿಯ ಕಕ್ಷೆಯ ಸಮತಲಕ್ಕೆ ಹೋಲಿಸಿದರೆ ವಾಲಿದ್ದು ಮೂರು ಡಿಗ್ರಿಯಷ್ಟೆ. ಮಸ್ಸಾಲಿಯಾದ ಕಕ್ಷೆಯೂ ಹೆಚ್ಚುಕಡಿಮೆ ಮಟ್ಟಸವಾದದ್ದೇ, ಒಂದು ಡಿಗ್ರಿಯೂ ವಾಲಿಲ್ಲ. ಮಟ್ಟಸವಾದ ಮನೆಯಿಂದ ಹೊರಟದ್ದು ಮಟ್ಟಸವಾಗಿಯೇ ಬಂದಿದೆ. ಈ ಕಲ್ಲು ಮಸ್ಸಾಲಿಯಾ ಕುಟುಂಬದ್ದು ಎಂದು ಅದನ್ನು ಅಭ್ಯಾಸ ಮಾಡಿದವರು ಹೇಳಿರುವುದು ಇಂಥ ಆಧಾರಗಳ ಮೇಲೆ.

ಹೀಗೆ ಬೀಳುವ ಮುಂಚೆಯೇ ಪತ್ತೆಯಾದವು 2024ರ ಕೊನೆಯ ಹೊತ್ತಿಗೆ ಹನ್ನೊಂದು. ಮೊದಲನೆಯದು ಸಿಕ್ಕಿದ್ದು 2008ರ ಅಕ್ಟೋಬರಿನಲ್ಲಿ: '2008 ಟಿಸಿ3', ನಾಲ್ಕು ಮೀಟರ್ ಅಗಲದ್ದು. ಅಮೆರಿಕದ ಅರಿಝೋನಾದಿಂದ ರಿಚರ್ಡ್ ಕೊವಾಲ್ಸ್ಕಿ ಅದನ್ನು ಕಂಡರು. ಸುಮಾರು ಇಪ್ಪತ್ತು ಗಂಟೆಯಲ್ಲಿ ಅದು ಸುಡಾನಿನ ಮರುಭೂಮಿಯ ಮೇಲೆ ಒಡೆಯಿತು. ಖಾರ್ಟೂಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮರಳಿನಲ್ಲಿ ಸಾಲಾಗಿ ನಡೆದು ತುಂಡುಗಳನ್ನು ಆಯ್ದರು. ನಮ್ಮ ಕಡೆಯವರಿಗೆ ಇದರಲ್ಲೊಂದು ನೋವಿನ ಸಂಗತಿಯಿದೆ. ಅದಕ್ಕೆ 25 ದಿನ ಮೊದಲು, 2008ರ ಸೆಪ್ಟೆಂಬರ್ 12ರಂದು, ಹೊಸೂರಿನಾಚೆ ಕೃಷ್ಣಗಿರಿ ಜಿಲ್ಲೆಯ ಶೂಲಗಿರಿಯಲ್ಲಿ ನೂರು ಕಿಲೋ ದಾಟಿದ ಉಲ್ಕಾಶಿಲೆಗಳು ಬಿದ್ದಿದ್ದವು. ಕನ್ನಡ ಮಾತನಾಡುವ ಮನೆಗಳಿರುವ ಗಡಿಸೀಮೆ ಅದು. ಜಾತಿ 'ಎಲ್ಎಲ್6', ಎಲ್‌ಗೆ ಹತ್ತಿರದ ಬಗೆ. ಜಪಾನಿನ ಹಯಬುಸಾ ನೌಕೆ 2005ರಲ್ಲಿ ಮುಟ್ಟಿ 2010ರಲ್ಲಿ ದೂಳು ತಂದ 'ಇಟೋಕಾವಾ' ಎಂಬ ಭೂಸಮೀಪ ಕ್ಷುದ್ರಗ್ರಹವೂ ಇದೇ ಎಲ್ಎಲ್ ಬಗೆಯದು. ಜಪಾನು ಏಳು ವರ್ಷ ನೌಕೆ ಓಡಿಸಿ ದೂಳಿನ ಕಣಗಳನ್ನು ತಂದಿತು. ಶೂಲಗಿರಿಗೆ ಅದರ ಬಂಧು ತಾನಾಗಿಯೇ ಬಂದಿಳಿಯಿತು. ಆದರೆ ಇಟೋಕಾವಾದ ಕಕ್ಷೆ ನಮಗೆ ಅಂಗೈ ಗೆರೆಯಷ್ಟು ಗೊತ್ತು, ಶೂಲಗಿರಿಯದು ಗೊತ್ತಿಲ್ಲ.

ಕಕ್ಷೆ ಗೊತ್ತಾಗುವುದು ಎಂದರೇನು ಎಂಬುದನ್ನು 2025ರ ಆರಂಭದ ಗದ್ದಲ ಚೆನ್ನಾಗಿ ತೋರಿಸುತ್ತದೆ. 2024ರ ಡಿಸೆಂಬರ್ 27ರಂದು ಚಿಲಿಯ ದೂರದರ್ಶಕವೊಂದು '2024 ವೈಆರ್4' ಎಂಬ, ಸುಮಾರು 60 ಮೀಟರ್ ಅಗಲದ ಕ್ಷುದ್ರಗ್ರಹವನ್ನು ಕಂಡಿತು. ಅದು ಭೂಮಿಯ ಹತ್ತಿರ ಹಾದು ಆಗಲೇ ಎರಡು ದಿನವಾಗಿತ್ತು. ನಾಲ್ಕು ವರ್ಷಕ್ಕೊಂದು ಸುತ್ತು. ಹಾಗಾಗಿ 2028ರಲ್ಲಿ ಮತ್ತೆ, 2032ರ ಡಿಸೆಂಬರಿನಲ್ಲಿ ಮತ್ತೆ. 2032ರಲ್ಲಿ ಭೂಮಿಗೆ ಬಡಿಯುವ ಸಂಭವ ಶೇಕಡ 1 ಎಂದರು. ದಿನ ಕಳೆದಂತೆ ಅದು ಇಳಿಯುವ ಬದಲು ಏರಿ, ಫೆಬ್ರವರಿ 18ರ ಹೊತ್ತಿಗೆ ಶೇಕಡ 3.1 ಮುಟ್ಟಿತು. ಬೀಳಬಹುದಾದ ಪಟ್ಟಿ ದಕ್ಷಿಣ ಅಮೆರಿಕದಿಂದ ಆಫ್ರಿಕಾ, ಅರಬ್ಬೀ ಸಮುದ್ರ ದಾಟಿ ಭಾರತದವರೆಗೂ ಇತ್ತು. ನಮ್ಮ ವಾಹಿನಿಗಳಿಗೆ ಇನ್ನೇನು ಬೇಕು? ಅದೇ ವಾರದ ಕೊನೆಗೆ ಅಂಕಿ ಕುಸಿದು ಸೊನ್ನೆಯ ಹತ್ತಿರ ಬಂತು. ವಿಜ್ಞಾನಿಗಳು ಮೊದಲು ತಪ್ಪು ಲೆಕ್ಕ ಹಾಕಿದ್ದರು ಎಂದು ಹಲವರು ಅಂದುಕೊಂಡರು. ತಪ್ಪಿರಲಿಲ್ಲ.

ಒಂದು ಕಕ್ಷೆಯನ್ನು ಪೂರ್ತಿ ಹೇಳಲು ಆರು ಸಂಖ್ಯೆಗಳು ಬೇಕು: ಗಾತ್ರ, ಚಪ್ಪಟೆತನ, ವಾಲುವಿಕೆ, ಮುಖ ಮಾಡಿದ ದಿಕ್ಕನ್ನು ಹೇಳುವ ಎರಡು ಕೋನ, ಮತ್ತು ಕಾಯ ಈಗ ಆ ಕಕ್ಷೆಯಲ್ಲಿ ಎಲ್ಲಿದೆ ಎಂಬುದು. ಆಕಾಶದಲ್ಲಿ ಅದರ ಸ್ಥಾನವನ್ನು ಮೂರು ಬಾರಿ ಅಳೆದರೆ ಆರೂ ಸಿಗುತ್ತವೆ. 1801ರಲ್ಲಿ ಕಳೆದುಹೋಗಿದ್ದ ಸೀರಿಸ್ ಅನ್ನು ಗೌಸ್ ಲೆಕ್ಕ ಹಾಕಿ ಹುಡುಕಿಕೊಟ್ಟದ್ದು ಈ ದಾರಿಯಲ್ಲೇ. ಆದರೆ ಪ್ರತಿ ಅಳತೆಯಲ್ಲೂ ಕೂದಲೆಳೆಯಷ್ಟು ಅನಿಶ್ಚಿತತೆ ಇರುತ್ತದೆ. ಎಂಟು ವರ್ಷ ಮುಂದಕ್ಕೆ ಲೆಕ್ಕ ಓಡಿಸಿದಾಗ ಆ ಕೂದಲೆಳೆ ಲಕ್ಷಾಂತರ ಕಿಲೋಮೀಟರ್ ಉದ್ದದ ಪಟ್ಟಿಯಾಗಿ ಹಿಗ್ಗುತ್ತದೆ. ಕ್ಷುದ್ರಗ್ರಹ ಆ ಪಟ್ಟಿಯಲ್ಲಿ ಎಲ್ಲೋ ಒಂದು ಕಡೆ ಇರುತ್ತದೆ. ಭೂಮಿ ಆ ಪಟ್ಟಿಯ ನಡುವೆ ಒಂದು ಚಿಕ್ಕ ಭಾಗವನ್ನು ಮುಚ್ಚುತ್ತದೆ. ಹೊಸ ಅಳತೆ ಸೇರಿದಂತೆ ಪಟ್ಟಿ ಕಿರಿದಾಗುತ್ತದೆ, ಭೂಮಿ ಮಾತ್ರ ಅಷ್ಟೇ ದೊಡ್ಡದು. ಹಾಗಾಗಿ ಪಟ್ಟಿಯಲ್ಲಿ ಭೂಮಿಯ ಪಾಲು ಏರುತ್ತಲೇ ಹೋಗುತ್ತದೆ. ಪಟ್ಟಿಯ ತುದಿ ಭೂಮಿಯನ್ನು ದಾಟಿ ಆಚೆ ಸರಿದ ಕ್ಷಣ ಅದು ಒಮ್ಮೆಲೇ ಸೊನ್ನೆಯಾಗುತ್ತದೆ. ಮುಂದೆ ಇಂಥ ಇನ್ನೊಂದು ಸುದ್ದಿ ಬರುತ್ತದೆ, ಅದರ ಅಂಕಿಯೂ ಮೊದಲು ಏರಬಹುದು. ಆಗ ಈ ಪ್ಯಾರಾ ನೆನಪಿರಲಿ. ಅಂಕಿ ಏರಿತು ಎಂದರೆ ಲೆಕ್ಕ ತಪ್ಪಿದೆ ಎಂದು ಅರ್ಥವಲ್ಲ.

ಇದೇ ಗಣಿತವನ್ನು ಮಾಗಡಿಯ ದಿಕ್ಕಿಗೆ ಇರುವ ಬ್ಯಾಲಾಳು ಗ್ರಾಮದಲ್ಲಿ ಇಸ್ರೋ ದಿನವೂ ಬಳಸುತ್ತದೆ. ಅಲ್ಲಿನ 32 ಮೀಟರ್ ಅಗಲದ ಆಂಟೆನಾ ಚಂದ್ರಯಾನಗಳಿಗೂ ಮಂಗಳಯಾನಕ್ಕೂ ಕಿವಿಗೊಟ್ಟದ್ದು. ಅದೂ ಕೆಲಸ ಶುರು ಮಾಡಿದ್ದು 2008ರ ಅಕ್ಟೋಬರಿನಲ್ಲೇ. ಆದರೆ ನೌಕೆ ತಾನೇ ಸಂಕೇತ ಕಳಿಸುತ್ತದೆ, ತಾನೆಲ್ಲಿದ್ದೇನೆಂದು ಹೇಳುತ್ತದೆ. ಕಲ್ಲು ಮಾತಾಡುವುದಿಲ್ಲ. ಅದನ್ನು ನಾವೇ ನೋಡಬೇಕು.

ನೋಡಲು ಎಷ್ಟು ಬೇಕು? ಬೀಳುವ ಮುಂಚೆ ಹಿಡಿಯಬೇಕಾದರೆ ಬೆಟ್ಟದ ಮೇಲಿನ ದೂರದರ್ಶಕ ಬೇಕು. ಬೀಳುವಾಗ ಹಿಡಿಯಲು ಅಷ್ಟೆಲ್ಲ ಬೇಡ. ಉರಿಯುವ ಉಲ್ಕೆಯನ್ನು ಎರಡು ಬೇರೆ ಬೇರೆ ಊರುಗಳಿಂದ ಏಕಕಾಲಕ್ಕೆ ಚಿತ್ರೀಕರಿಸಿದರೆ ಸಾಕು. ಎರಡೂ ಚಿತ್ರಗಳಲ್ಲಿ ಹಿನ್ನೆಲೆಯ ನಕ್ಷತ್ರಗಳಿಗೆ ಹೋಲಿಸಿ ಅದರ ಜಾಗ ಬೇರೆಯಾಗಿ ಕಾಣುತ್ತದೆ. ಆ ವ್ಯತ್ಯಾಸದಿಂದ ಎತ್ತರ, ದಿಕ್ಕು, ವೇಗ ಮೂರೂ ಸಿಗುತ್ತವೆ. ಅವುಗಳಿಂದ ಆರು ಸಂಖ್ಯೆಗಳೂ ಸಿಗುತ್ತವೆ. 1959ರಲ್ಲಿ ಆಗಿನ ಚೆಕೊಸ್ಲೊವಾಕಿಯಾದ ಪ್ರಿಬ್ರಾಮ್ ಎಂಬಲ್ಲಿ ಬಿದ್ದ ಕಲ್ಲಿನ ಕಕ್ಷೆಯನ್ನು ಮೊದಲ ಬಾರಿಗೆ ತಿಳಿದದ್ದು ಹೀಗೆ, ಕ್ಯಾಮೆರಾಗಳಿಂದಲೇ. ಫ್ರಾನ್ಸಿನಲ್ಲಿ ಈಗ ದೇಶದ ಉದ್ದಗಲಕ್ಕೂ ಇಂಥ ಕ್ಯಾಮೆರಾಗಳ ಜಾಲವಿದೆ. 2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ 20 ಮೀಟರ್ ಅಗಲದ ಕಾಯ ಒಡೆದು, ಸಿಡಿದ ಗಾಜಿನಿಂದ ಸಾವಿರಕ್ಕೂ ಹೆಚ್ಚು ಜನರಿಗೆ ಗಾಯವಾದಾಗ, ಅದರ ಕಕ್ಷೆ ಬರೆದುಕೊಟ್ಟದ್ದು ಕಾರುಗಳ ಮುಂಗಾಜಿನ ಕ್ಯಾಮೆರಾಗಳು.

ಈಗ ನಕಾಶೆ ತೆಗೆಯಿರಿ. ಮಾಗಡಿಯಿಂದ ಕನಕಪುರಕ್ಕೆ ನೇರ ಗೆರೆ ಎಳೆದರೆ ಸುಮಾರು 50 ಕಿಲೋಮೀಟರ್. ಚನ್ನಪಟ್ಟಣದಿಂದ ಮಾಗಡಿಗೆ ಮೂವತ್ತನಾಲ್ಕು, ಕನಕಪುರಕ್ಕೆ ಇಪ್ಪತ್ತೈದು. ನಡುವೆ ರಾಮನಗರ. ಉಲ್ಕೆ ಉರಿಯತೊಡಗುವುದು ಸುಮಾರು 90 ಕಿಲೋಮೀಟರ್ ಎತ್ತರದಲ್ಲಿ. ಆ ಎತ್ತರದಲ್ಲಿ ಈ ಸೀಮೆಯ ಮೇಲೆ ಉರಿಯುವ ಉಲ್ಕೆ ಮಾಗಡಿಯಿಂದ ಕಾಣುವ ಜಾಗಕ್ಕೂ ಕನಕಪುರದಿಂದ ಕಾಣುವ ಜಾಗಕ್ಕೂ ಸುಮಾರು 29 ಡಿಗ್ರಿ ವ್ಯತ್ಯಾಸ ಬರುತ್ತದೆ. ಹುಣ್ಣಿಮೆಯ ಚಂದ್ರ ಅರ್ಧ ಡಿಗ್ರಿ. ಸಾಲಾಗಿ ಐವತ್ತೆಂಟು ಚಂದ್ರರನ್ನು ಜೋಡಿಸಿದಷ್ಟು ಅಂತರ. ಅಳತೆಗೆ ಇದಕ್ಕಿಂತ ಹದವಾದ ಜಾಗ ಬೇಕಿಲ್ಲ. ಬೆಂಗಳೂರಿನ ಬೆಳಕು ಪೂರ್ವದ ಆಕಾಶವನ್ನು ಹಾಳುಮಾಡಿದೆ, ನಿಜ. ಆದರೆ ಕಲ್ಲು ಉದುರಿಸುವಷ್ಟು ದೊಡ್ಡ ಉಲ್ಕೆ ತುಂಬ ಪ್ರಕಾಶವಾಗಿರುತ್ತದೆ, ಅದಕ್ಕೆ ನಗರದ ಬೆಳಕು ಅಡ್ಡಿಯಲ್ಲ. 'ಗ್ಲೋಬಲ್ ಮೀಟಿಯರ್ ನೆಟ್‌ವರ್ಕ್' ಎಂಬ ಹವ್ಯಾಸಿಗಳ ಜಾಲ ರಾಸ್ಪ್‌ಬೆರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರಿಗೆ ಸಿಸಿ ಕ್ಯಾಮೆರಾದಂಥದ್ದನ್ನು ಜೋಡಿಸಿ ಇದೇ ಕೆಲಸ ಮಾಡುತ್ತದೆ. ಅದರ ತಂತ್ರಾಂಶ ಎಲ್ಲರಿಗೂ ಉಚಿತ. ನಾಲ್ಕು ತಾಲ್ಲೂಕು ಕೇಂದ್ರಗಳಲ್ಲೂ ಪದವಿ ಕಾಲೇಜುಗಳಿವೆ. ಭೌತವಿಜ್ಞಾನದ ಮೇಷ್ಟ್ರು ಒಬ್ಬರು, ತಾರಸಿಯ ಬೀಗದ ಕೈ, ತಡೆಯಿಲ್ಲದ ಕರೆಂಟು ಇದ್ದರೆ ಕೆಲಸ ಶುರುವಾಗುತ್ತದೆ. ಮೂರರಲ್ಲಿ ಕಷ್ಟದ್ದು ಬೀಗದ ಕೈ ಎಂದು ನನ್ನ ಅಂದಾಜು.

ಕ್ಯಾಮೆರಾ ಇಲ್ಲದವರಿಗೂ ಮಾಡುವ ಕೆಲಸವಿದೆ. ದೊಡ್ಡ ಬೆಳಕಿನ ಉಲ್ಕೆ ಕಂಡರೆ ಗಡಿಯಾರ ನೋಡಿಕೊಳ್ಳಿ, ಯಾವ ಬೆಟ್ಟದ ಅಥವಾ ಗೋಪುರದ ಮೇಲಿಂದ ಯಾವುದರ ಕಡೆ ಹೋಯಿತೆಂದು ಗುರುತಿಟ್ಟುಕೊಳ್ಳಿ, ಗುಡುಗಿನಂಥ ಸದ್ದು ಎಷ್ಟು ಹೊತ್ತಿನ ಮೇಲೆ ಬಂತೆಂದು ಎಣಿಸಿ. ರಸ್ತೆಯ, ಅಂಗಡಿಯ ಸಿಸಿ ಕ್ಯಾಮೆರಾದ ಚಿತ್ರ ಅಳಿಸಿಹೋಗುವ ಮೊದಲೇ ಕೇಳಿ ಪಡೆಯಿರಿ. ಹೊಲದಲ್ಲಿ ಹೊಸದಾಗಿ ಬಿದ್ದ, ಹೊರಗೆ ತೆಳುವಾದ ಕಪ್ಪು ಸಿಪ್ಪೆ, ಒಳಗೆ ಬೂದುಬಣ್ಣ ಇರುವ ಕಲ್ಲು ಸಿಕ್ಕರೆ ಬಿದ್ದ ಜಾಗದ ಫೋಟೊ ಮೊದಲು ತೆಗೆಯಿರಿ. ತೊಳೆಯಬೇಡಿ, ಒಡೆಯಬೇಡಿ, ಅರಿಶಿನ ಕುಂಕುಮ ಹಚ್ಚಬೇಡಿ. ಅಯಸ್ಕಾಂತ ತಾಗಿಸಿ ನೋಡುವ ಆಸೆಯನ್ನೂ ತಡೆಯಿರಿ; ಕೋಟ್ಯಂತರ ವರ್ಷದಿಂದ ಅದರೊಳಗೆ ಉಳಿದಿರುವ ಕಾಂತೀಯ ದಾಖಲೆ ಆ ಒಂದು ತಾಗುವಿಕೆಗೆ ಕೆಡುತ್ತದೆ. ನಮ್ಮ ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳನ್ನು ಕಾಪಾಡುವ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು. ತಹಸೀಲ್ದಾರರಿಗೆ ತಿಳಿಸಿದರೂ ಸುದ್ದಿ ಅಲ್ಲಿಗೆ ತಲುಪುತ್ತದೆ. ನೇರವಾಗಿ ಹೋಗುವುದಾದರೆ ಅದರ ಕರ್ನಾಟಕ ಕಚೇರಿ ಬೆಂಗಳೂರಿನ ಕುಮಾರಸ್ವಾಮಿ ಬಡಾವಣೆಯಲ್ಲಿದೆ.